ರಾಜನ ಹೊಟ್ಟೆನೋವು, ರದ್ದಾದ ಹಡಗು ಮತ್ತು ಅವ್ವನ ಪಾಟ್ಲಿ

ಇವತ್ತಿನ ಎಪಿಸೋಡನ್ನ ಒಂದು ಐದು ಮಾರ್ಕ್ಸ್ ಪ್ರಶ್ನೆಯಿಂದ ಶುರು ಮಾಡ್ತೀನಿ.

ನಿಮ್ಮಲ್ಲಿ ಬಿ.ಕಾಂ. ಮಾಡಿದವರು ಇದ್ದರೆ ಬಿಸಿನೆಸ್ ಲಾ ಪೇಪರ್ ನೆನಪಿರಬೇಕು. ‘ಒಪ್ಪಂದ ನೆರವೇರಿಸುವುದು ಅಸಾಧ್ಯವಾದಾಗ ಏನಾಗುತ್ತದೆ? ಉದಾಹರಣೆ ಸಹಿತ ವಿವರಿಸಿ.’ ಉದಾಹರಣೆ ಅಂದರೆ ಎಲ್ಲರೂ ಬರೆಯೋದು ಒಂದೇ: ಕ್ರೆಲ್ ವರ್ಸಸ್ ಹೆನ್ರಿ. ಲಂಡನ್ನಿನಲ್ಲಿ ರಾಜನ ಮೆರವಣಿಗೆ ನೋಡೋಕೆ ಒಬ್ಬ ರೂಮ್ ಬಾಡಿಗೆಗೆ ಹಿಡಿದ, ಮೆರವಣಿಗೆ ನಡೆಯಲಿಲ್ಲ, ಬಾಡಿಗೆ ಕೊಡಬೇಕಾಗಿಲ್ಲ ಅಂತ ಕೋರ್ಟ್ ಹೇಳಿತು. ಬೈಲಹೊಂಗಲದಲ್ಲಿ ಕೂತು ನಾನೂ ಇದನ್ನ ಬಾಯಿಪಾಠ ಮಾಡಿ ಬರೆದು ಐದಕ್ಕೆ ನಾಲ್ಕು ತಗೊಂಡೆ. ಆಮೇಲೆ ಮರೆತೂ ಬಿಟ್ಟೆ.

ಅದು ಮತ್ತೆ ನೆನಪಾಗಿದ್ದು 2020ರಲ್ಲಿ, ನಮ್ಮ ಮನೆಯ 1,60,000 ರೂಪಾಯಿ ಸಿಕ್ಕಿಹಾಕಿಕೊಂಡಾಗ.

ಆಗಿದ್ದು ಇಷ್ಟು. 2019ರ ಡಿಸೆಂಬರ್‌ನಲ್ಲಿ ನಮ್ಮ ನಾಲ್ಕು ಮನೆಯವರು ಸೇರಿ ಹಡಗಿನ ಪ್ರವಾಸಕ್ಕೆ ಹೋಗೋಣ ಅಂತ ನಿರ್ಧಾರ ಮಾಡಿದ್ರು. ಬೈಲಹೊಂಗಲದಿಂದ ಅಪ್ಪ-ಅವ್ವ. ಕಿತ್ತೂರಿನಿಂದ ಮಾಮಾ-ಮಾಮಿ, ಮಾಮಾ ಹೈಸ್ಕೂಲ್ ಮಾಸ್ತರ್. ಸವದತ್ತಿಯಿಂದ ಕಾಕಾ-ಕಾಕು, ಅವರದು ಎಲ್ಲಮ್ಮನ ಗುಡ್ಡದಲ್ಲಿ ಕಾಯಿ-ಕರ್ಪೂರ, ಭಂಡಾರದ ಅಂಗಡಿ. ರಾಮದುರ್ಗದಿಂದ ಅತ್ತಿ ಮತ್ತೆ ಅವರ ಯಜಮಾನರು, ಮನೆಯಲ್ಲಿ ಮಗ್ಗ ಇದೆ. ಎಂಟು ಜನ, ತಲೆಗೆ 20 ಸಾವಿರ. ಮುಂಬೈಯಿಂದ ಗೋವಾಕ್ಕೆ, ತಿರುಗಿ ಮುಂಬೈಗೆ, ಏಪ್ರಿಲ್ ತಿಂಗಳಲ್ಲಿ. ಅವ್ವ ಅಲ್ಲಿಯವರೆಗೆ ಸಮುದ್ರವನ್ನ ದಂಡೆ ಮೇಲೆ ನಿಂತು ನೋಡಿದ್ದಷ್ಟೇ. ಅತ್ತಿ ಭಿಶಿಯಲ್ಲಿ ಬಂದ ರೊಕ್ಕ ತೆಗೆದು ಕೊಟ್ಟಿದ್ರು.

ರೊಕ್ಕ ಕೂಡಿಸಿ ಏಜೆಂಟ್‌ಗೆ ಕಟ್ಟಿದವರು ಅಪ್ಪ. ಅಪ್ಪ ಪೇಟೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೀತಾರೆ. ಲೆಕ್ಕದ ಮನುಷ್ಯ ಅಂತ ಎಲ್ಲರೂ ಅವರ ಕೈಗೇ ಕೊಟ್ಟರು. ಕಥೆಯಲ್ಲಿ ಇದೊಂದು ನೆನಪಿಟ್ಟುಕೊಳ್ಳಿ.

2020ರ ಫೆಬ್ರವರಿಯಲ್ಲಿ ಟಿವಿ ತುಂಬ ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಹಡಗು. 3,700ಕ್ಕೂ ಹೆಚ್ಚು ಜನ ಒಳಗೇ ಸಿಕ್ಕಿಹಾಕಿಕೊಂಡಿದ್ರು. ಸಿಬ್ಬಂದಿಯಲ್ಲಿ ನಮ್ಮ ಕಾರವಾರದ ಹುಡುಗನೂ ಇದ್ದ, ಪೇಪರಿನಲ್ಲಿ ಬಂದಿತ್ತು. ಮಾರ್ಚ್ 25, ಯುಗಾದಿ ದಿನ, ಲಾಕ್‌ಡೌನ್ ಶುರು. ಪ್ರವಾಸ ರದ್ದು ಅಂತ ಎರಡು ಸಾಲಿನ ಮೆಸೇಜ್ ಬಂತು. ಹಣ ಕೇಳಿದರೆ, ‘ವೋಚರ್ ಕೊಡ್ತೀವಿ, ಒಂದು ವರ್ಷದೊಳಗೆ ಬಳಸಿ. ಕ್ಯಾಶೇ ಬೇಕು ಅಂದ್ರೆ 40 ಪರ್ಸೆಂಟ್ ಕಟ್.’

ಈಗ ಕೇಳಿ, ತಪ್ಪು ಯಾರದು? ಕಂಪನಿ ಬೇಕಂತ ರದ್ದು ಮಾಡಲಿಲ್ಲ. ನಾವೂ ಬೇಡ ಅನ್ನಲಿಲ್ಲ. ಇಬ್ಬರದೂ ತಪ್ಪಿಲ್ಲದಾಗ ನಷ್ಟ ಯಾರ ತಲೆ ಮೇಲೆ?

ನಮ್ಮ ಕಡೆ ವ್ಯವಹಾರದಲ್ಲಿ ‘ಸಂಚಕಾರ’ ಅಂತ ಒಂದು ಮಾತಿದೆ. ಎತ್ತು ಕೊಳ್ಳೋದಿರಲಿ, ಹೊಲ ಬರೆಸೋದಿರಲಿ, ಮದುವೆಗೆ ಬ್ಯಾಂಡ್ ಹೇಳೋದಿರಲಿ, ಮೊದಲು ಸಂಚಕಾರ ಕೊಡ್ತಾರೆ. ಕೊಂಡವನು ಹಿಂದೆ ಸರಿದರೆ ಸಂಚಕಾರ ಹೋಯ್ತು. ಮಾರಿದವನು ಹಿಂದೆ ಸರಿದರೆ ವಾಪಸ್ ಕೊಡಬೇಕು. ಅಪ್ಪನಿಗೆ ಇದು ಚೆನ್ನಾಗಿ ಗೊತ್ತು. ಆದರೆ ಇಬ್ಬರೂ ಸರಿಯದೆ, ಮಧ್ಯದಲ್ಲಿ ನೆಲವೇ ಸರಿದುಬಿಟ್ಟರೆ? ಅದಕ್ಕೆ ಪೇಟೆಯಲ್ಲಿ ನಿಯಮ ಇಲ್ಲ. ಈ ಪ್ರಶ್ನೆಗೆ ಉತ್ತರ ಹುಡುಕ್ತಾ ನಾನು ಹಳೇ ಬಿ.ಕಾಂ. ನೋಟ್ಸ್ ತೆಗೆದೆ. ಅಲ್ಲಿಂದ 1902ರ ಲಂಡನ್‌ಗೆ ಹೋದೆ.

ರಾಣಿ ವಿಕ್ಟೋರಿಯಾ ತೀರಿಕೊಂಡ ಮೇಲೆ ಮಗ ಏಳನೇ ಎಡ್ವರ್ಡ್‌ನ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ಅಂತ ಗೊತ್ತಾಗಿತ್ತು. ಆ ದಿನ, ಮರುದಿನ ಮೆರವಣಿಗೆ. ಜೂನ್ 28ಕ್ಕೆ ಸ್ಪಿಟ್‌ಹೆಡ್ ಅನ್ನೋ ಕಡೆ ಸಮುದ್ರದಲ್ಲಿ ಯುದ್ಧನೌಕೆಗಳ ಸಾಲನ್ನ ರಾಜ ಪರಿಶೀಲನೆ ಮಾಡಬೇಕಿತ್ತು. ಮೆರವಣಿಗೆ ಹೋಗೋ ದಾರಿಯ ಕಿಟಕಿ, ಬಾಲ್ಕನಿಗಳಿಗೆಲ್ಲ ಬಾಡಿಗೆ. ಪಟ್ಟಾಭಿಷೇಕಕ್ಕೆ ಎರಡೇ ದಿನ ಇದೆ ಅನ್ನುವಾಗ, ಜೂನ್ 24ಕ್ಕೆ, ರಾಜನಿಗೆ ಅಪೆಂಡಿಸೈಟಿಸ್. ಅವತ್ತೇ ಆಪರೇಷನ್. ಎಲ್ಲ ಮುಂದಕ್ಕೆ. ಪಟ್ಟಾಭಿಷೇಕ ಕೊನೆಗೆ ನಡೆದದ್ದು ಆಗಸ್ಟ್ 9ಕ್ಕೆ.

ರಾಜ ಹುಷಾರಾದ. ಕೋರ್ಟುಗಳಿಗೆ ಕೆಲಸ ಶುರುವಾಯ್ತು. ಅದರಲ್ಲಿ ಮೂರು ಕೇಸು ಹೇಳ್ತೀನಿ.

ಒಂದನೇದು ನಮ್ಮ ಪಠ್ಯದ ಹೆನ್ರಿ. ಪಾಲ್ ಮಾಲ್ ರಸ್ತೆಯಲ್ಲಿ ಎರಡು ಹಗಲಿಗೆ ರೂಮ್, 75 ಪೌಂಡ್. 25 ಮುಂಗಡ ಕೊಟ್ಟಿದ್ದ, ಬಾಕಿ 50 ಕೊಡಲ್ಲ ಅಂದ. ಕೋರ್ಟ್ ಒಪ್ಪಿತು. ಮೆರವಣಿಗೆಯೇ ಆ ಒಪ್ಪಂದದ ಬುನಾದಿ, ಬುನಾದಿಯೇ ಕುಸಿದ ಮೇಲೆ ಒಪ್ಪಂದ ಎಲ್ಲಿಯದು ಅನ್ನೋದು ಅದರ ತರ್ಕ.

ಎರಡನೇದು ಹಡಗಿನ ಕೇಸು. ಬಿ.ಕಾಂ.ನಲ್ಲಿ ನಾನು ಇದನ್ನ ಗಮನಿಸಿಯೇ ಇರಲಿಲ್ಲ. ಹಟನ್ ಅನ್ನೋನು ಹರ್ನ್ ಬೇ ಸ್ಟೀಮ್ ಬೋಟ್ ಕಂಪನಿಯ ‘ಸಿಂಥಿಯಾ’ ಹೆಸರಿನ ಹಡಗನ್ನ ಎರಡು ದಿನಕ್ಕೆ 250 ಪೌಂಡ್‌ಗೆ ಗೊತ್ತು ಮಾಡಿದ್ದ. ಜನರನ್ನ ಹತ್ತಿಸಿಕೊಂಡು ಹೋಗಿ ರಾಜನ ನೌಕಾ ಪರಿಶೀಲನೆ ತೋರಿಸೋದು, ಯುದ್ಧನೌಕೆಗಳ ಸುತ್ತ ಒಂದು ಸುತ್ತು ಹಾಕಿಸೋದು, ಟಿಕೆಟ್‌ನಲ್ಲಿ ನಾಲ್ಕು ಕಾಸು ಮಾಡೋದು. 50 ಪೌಂಡ್ ಮುಂಗಡ ಕೊಟ್ಟಿದ್ದ. ಪರಿಶೀಲನೆ ರದ್ದಾಯ್ತು. ಹಟನ್ ಬಾಕಿ ಹಣ ಕೊಡಲಿಲ್ಲ. ಅದೇ ಕಾಲದ ಅದೇ ಅಪೀಲು ಕೋರ್ಟ್ ಇಲ್ಲಿ ಉಲ್ಟಾ ತೀರ್ಪು ಕೊಟ್ಟಿತು: ಹಟನ್ ಕೊಡಬೇಕು! ಯಾಕೆ? ರಾಜ ಬರಲಿಲ್ಲ ನಿಜ, ಆದರೆ ಯುದ್ಧನೌಕೆಗಳು ಅಲ್ಲೇ ನಿಂತಿದ್ದವು, ಸಮುದ್ರ ಅಲ್ಲೇ ಇತ್ತು, ಸುತ್ತು ಹಾಕಬಹುದಿತ್ತು. ಲಾಭ ಆಗುತ್ತೋ ಇಲ್ಲವೋ ಅದು ಹಟನ್‌ನ ವ್ಯಾಪಾರದ ರಿಸ್ಕ್.

ಇದನ್ನ ಓದಿದಾಗ ನನಗೆ ಒಂದು ವಿಷಯ ಸ್ಪಷ್ಟವಾಯ್ತು. ಪ್ರವಾಸ ‘ಸಪ್ಪೆ ಆಯ್ತು’ ಅನ್ನೋದು ಬೇರೆ, ‘ಆಗಲೇ ಇಲ್ಲ’ ಅನ್ನೋದು ಬೇರೆ. ಹಟನ್‌ನ ಹಡಗು ಹೊರಡಬಹುದಿತ್ತು. ನಮ್ಮ ಹಡಗು ಹೊರಡೋಕೆ ಸರ್ಕಾರವೇ ಬಿಡಲಿಲ್ಲ. ಹಾಗಾಗಿ ನಮ್ಮದು ಹೆನ್ರಿ ಸಾಲಿಗೆ ಸೇರೋ ಕೇಸು.

ಆದರೆ ತಡೀರಿ, ಮೂರನೇದು ಕೇಳಿದರೆ ಹೊಟ್ಟೆ ಉರಿಯುತ್ತೆ. ಚಾಂಡ್ಲರ್ ವರ್ಸಸ್ ವೆಬ್‌ಸ್ಟರ್, 1904. ಇಲ್ಲೂ ಮೆರವಣಿಗೆ ನೋಡೋಕೆ ರೂಮ್, ಬಾಡಿಗೆ 141 ಪೌಂಡ್ 15 ಶಿಲ್ಲಿಂಗ್, ಪೂರ್ತಿ ಹಣ ಮೊದಲೇ ಕೊಡಬೇಕು ಅನ್ನೋ ಕರಾರು. ಚಾಂಡ್ಲರ್ 100 ಪೌಂಡ್ ಕೊಟ್ಟಿದ್ದ. ಮೆರವಣಿಗೆ ರದ್ದಾದ ಮೇಲೆ ಆ 100 ವಾಪಸ್ ಕೇಳಿದ. ಕೋರ್ಟ್ ಏನು ಹೇಳಿತು ಗೊತ್ತಾ? 100 ವಾಪಸ್ ಬರಲ್ಲ, ರದ್ದಾಗೋ ಮೊದಲೇ ಕೊಡಬೇಕಿತ್ತಾದ್ದರಿಂದ ಬಾಕಿ 41 ಪೌಂಡ್ 15 ಶಿಲ್ಲಿಂಗನ್ನೂ ಕೊಡು! ಅಂದರೆ ರದ್ದಾದ ಹೊತ್ತಿಗೆ ಯಾರ ಕೈಯಲ್ಲಿ ಎಷ್ಟು ಇರಬೇಕಿತ್ತೋ ಅಷ್ಟು ಅಲ್ಲೇ ಇರಲಿ, ನಷ್ಟ ಬಿದ್ದಲ್ಲೇ ಬಿದ್ದಿರಲಿ.

ನಮ್ಮ ಏಜೆಂಟ್ ಚಾಂಡ್ಲರ್ ಕೇಸು ಓದಿರಲಿಕ್ಕಿಲ್ಲ. ಆದರೆ ಅವರು ಆಡಿದ್ದು ಅದೇ ಆಟ. ಹಣ ನಮ್ಮ ಹತ್ರ ಇದೆ, ಅಲ್ಲೇ ಇರಲಿ.

ಈಗ ನನಗೆ ಅತೀ ಇಷ್ಟವಾದ ಭಾಗ. ಇಂಗ್ಲೆಂಡಿನಲ್ಲಿ ಈ ನಿಯಮ ಸರಿಹೋಗೋಕೆ ಎರಡನೇ ಮಹಾಯುದ್ಧ ಬರಬೇಕಾಯ್ತು. ಪೋಲೆಂಡಿನ ಒಂದು ಕಂಪನಿ ಇಂಗ್ಲೆಂಡಿನಿಂದ ಯಂತ್ರ ತರಿಸೋಕೆ 1,000 ಪೌಂಡ್ ಮುಂಗಡ ಕೊಟ್ಟಿತ್ತು, ಯುದ್ಧದಿಂದ ಯಂತ್ರ ಹೋಗಲಿಲ್ಲ. ಆ ಕೇಸಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಹಳೇ ನಿಯಮ ಕಿತ್ತುಹಾಕಿತು. 1943ರಲ್ಲಿ ಅದಕ್ಕೇ ಒಂದು ಕಾಯ್ದೆಯೂ ಬಂತು. ಆದರೆ ನಮ್ಮಲ್ಲಿ? ಭಾರತೀಯ ಕರಾರು ಕಾಯ್ದೆ ಬಂದದ್ದು 1872ರಲ್ಲಿ. ಅದರ 56ನೇ ಸೆಕ್ಷನ್, ನಂತರ ಅಸಾಧ್ಯವಾದ ಒಪ್ಪಂದ ಅನೂರ್ಜಿತ ಅನ್ನುತ್ತೆ. 65ನೇ ಸೆಕ್ಷನ್, ಹಾಗೆ ಅನೂರ್ಜಿತವಾದ ಒಪ್ಪಂದದಲ್ಲಿ ಯಾರು ಏನು ಪಡೆದಿದ್ದಾರೋ ಅದನ್ನ ಹಿಂದಿರುಗಿಸಲೇಬೇಕು ಅನ್ನುತ್ತೆ. ಕಾಯ್ದೆಯೊಳಗೇ ಒಂದು ಉದಾಹರಣೆ ಇದೆ. ಕಛೇರಿಯಲ್ಲಿ ಹಾಡೋಕೆ ಒಬ್ಬ ಗಾಯಕನಿಗೆ 1,000 ರೂಪಾಯಿ ಮುಂಗಡ ಕೊಟ್ಟಿದ್ದಾರೆ, ಅವನು ಕಾಯಿಲೆ ಬಿದ್ದು ಹಾಡೋಕಾಗಲಿಲ್ಲ. ಕಛೇರಿ ನಡೆದಿದ್ದರೆ ಬರ್ತಿದ್ದ ಲಾಭವನ್ನ ಅವನು ತುಂಬಿಕೊಡಬೇಕಾಗಿಲ್ಲ. ಆದರೆ ಆ 1,000 ವಾಪಸ್ ಕೊಡಬೇಕು.

ನೋಡಿ, ಲಂಡನ್ನಿನ ಚಾಂಡ್ಲರ್‌ಗೆ 1904ರಲ್ಲಿ ಸಿಗದ ನ್ಯಾಯ ನಮ್ಮ ಪುಸ್ತಕದಲ್ಲಿ 32 ವರ್ಷ ಮೊದಲೇ ಬರೆದಿತ್ತು. ಇಂಗ್ಲೆಂಡಿನ ಕಾಯ್ದೆಗಿಂತ 71 ವರ್ಷ ಮುಂಚೆ. 1954ರಲ್ಲಿ ವರದಿಯಾದ ಸತ್ಯಬ್ರತ ಘೋಷ್ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಹೇಳಿತು: ನಮಗೆ ನಮ್ಮದೇ ಸೆಕ್ಷನ್ ಇದೆ, ಇಂಗ್ಲಿಷ್ ತೀರ್ಪುಗಳಿಂದ ಸಹಾಯ ಪಡೆಯಬಹುದು, ಆದರೆ ಅವು ನಮ್ಮನ್ನ ಕಟ್ಟಿಹಾಕೋದಿಲ್ಲ. ಬಿ.ಕಾಂ.ನಲ್ಲಿ ನಾವು ಕ್ರೆಲ್ ವರ್ಸಸ್ ಹೆನ್ರಿ ಉರು ಹೊಡೆದಿವಿ. ಆ 1,000 ರೂಪಾಯಿ ಗಾಯಕನ ಕಥೆ ಯಾರೂ ಹೇಳಲಿಲ್ಲ.

ಒಂದು ಎಚ್ಚರಿಕೆ. ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ಇಂಥ ಸಂದರ್ಭ ಬಂದರೆ ಹೀಗೆ’ ಅಂತ ಮೊದಲೇ ಬರೆದಿದ್ದರೆ ಕೋರ್ಟ್ ಅದನ್ನ ಮೊದಲು ನೋಡುತ್ತೆ. ನಮ್ಮ ಕಾಗದದಲ್ಲಿ ಇದ್ದದ್ದು ಪ್ರಯಾಣಿಕರು ರದ್ದು ಮಾಡಿದರೆ ಎಷ್ಟು ಕಡಿತ ಅನ್ನೋದು ಮಾತ್ರ. ಹಡಗೇ ಹೊರಡದಿದ್ದರೆ ಏನು ಅಂತ ಒಂದು ಸಾಲೂ ಇರಲಿಲ್ಲ. ಅವರು ಹೇಳಿದ 40 ಪರ್ಸೆಂಟ್, ನಾವು ರದ್ದು ಮಾಡಿದ್ದರೆ ಹಿಡಿಯಬೇಕಿದ್ದ ದಂಡ. ನಾವು ರದ್ದು ಮಾಡಿರಲೇ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ರೀಫಂಡ್ ಕಥೆ. ಪರಿಹಾರ ಅನ್ನೋದು ಇನ್ನೊಂದು ಕಥೆ. ಇವೆರಡನ್ನ ನಾವು ಒಂದೇ ಅಂದ್ಕೊಳ್ತೀವಿ, ಅಲ್ಲೇ ಸೋಲ್ತೀವಿ. ರೀಫಂಡ್‌ಗೆ ಯಾರದೂ ತಪ್ಪು ಇರಬೇಕಾಗಿಲ್ಲ. ಪರಿಹಾರಕ್ಕೆ ಮಾತ್ರ ಎದುರಿನವರ ತಪ್ಪು ಬೇಕು.

ಹಾಳಾದ ರಜೆಗೆ ಪರಿಹಾರ ಅನ್ನೋ ವಿಚಾರಕ್ಕೂ ಒಂದು ಇತಿಹಾಸ ಇದೆ. 1969ರ ಕ್ರಿಸ್‌ಮಸ್‌ಗೆ ಜಾರ್ವಿಸ್ ಅನ್ನೋ ಇಂಗ್ಲಿಷ್ ವಕೀಲ 63 ಪೌಂಡ್ 45 ಪೆನ್ಸ್ ಕಟ್ಟಿ ಎರಡು ವಾರ ಸ್ವಿಟ್ಜರ್ಲೆಂಡ್‌ಗೆ ಹೋದ. ಬ್ರೋಷರ್‌ನಲ್ಲಿ ದೊಡ್ಡ ಗುಂಪು, ಪಾರ್ಟಿ, ಜಾನಪದ ಹಾಡು ಅಂತೆಲ್ಲ ಇತ್ತು. ಮೊದಲ ವಾರ 13 ಜನ, ಎರಡನೇ ವಾರ ಅವನೊಬ್ಬನೇ! ಹಾಡುಗಾರ ಅಂತ ಬಂದವನು ಊರಿನ ಒಬ್ಬ ಮನುಷ್ಯ, ಕೆಲಸದ ಬಟ್ಟೆಯಲ್ಲೇ ಬಂದು ನಾಲ್ಕೈದು ಹಾಡು ಗಡಬಡಿಸಿ ಹಾಡಿ ಹೋದ. ಕೆಳಗಿನ ಕೋರ್ಟ್ ಅರ್ಧ ಹಣ, 31 ಪೌಂಡ್ 72 ಪೆನ್ಸ್ ಕೊಡಿಸಿತು. ಅಪೀಲಿನಲ್ಲಿ ಲಾರ್ಡ್ ಡೆನ್ನಿಂಗ್ ಮತ್ತು ಜೊತೆಯ ನ್ಯಾಯಮೂರ್ತಿಗಳು 125 ಪೌಂಡ್ ಕೊಡಿಸಿದ್ರು, ಕಟ್ಟಿದ್ದರ ಸುಮಾರು ಎರಡರಷ್ಟು. ರಜೆ ಅಂದರೆ ಜನ ಕೊಳ್ಳೋದೇ ಸಂತೋಷವನ್ನ, ಅದನ್ನ ಕೊಡದಿದ್ದರೆ ಮನಸ್ಸಿಗಾದ ಬೇಸರಕ್ಕೂ ಬೆಲೆ ಕಟ್ಟಬೇಕು ಅನ್ನೋದು ಅಲ್ಲಿಂದ ಗಟ್ಟಿಯಾಯ್ತು.

ನಮ್ಮಲ್ಲಿ ಈ ಬಾಗಿಲು ತೆಗೆದದ್ದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. 1993ರಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಪರಿಹಾರ ಅಂದರೆ ಹೋದ ಹಣ ಮಾತ್ರ ಅಲ್ಲ, ಗ್ರಾಹಕ ಅನುಭವಿಸಿದ ಕಿರುಕುಳ, ಮಾನಸಿಕ ಯಾತನೆಯೂ ಅದರಲ್ಲಿ ಸೇರುತ್ತೆ ಅಂತ ಹೇಳಿತು. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರ್ 1ಕ್ಕೆ, ಪ್ರವಾಸಿ ಲೀಗಲ್ ಸೆಲ್ ಹಾಕಿದ ಕೇಸಿನಲ್ಲಿ ಅದೇ ಕೋರ್ಟ್ ವಿಮಾನ ಟಿಕೆಟ್‌ಗಳ ಬಗ್ಗೆ ಆದೇಶ ಕೊಟ್ಟಿತು. ಲಾಕ್‌ಡೌನ್‌ಗೆ ಮೊದಲೇ ಬುಕ್ ಮಾಡಿದವರ ಹಣ ಕೊಡೋಕೆ ಕಂಪನಿಗೆ ಆಗದಿದ್ದರೆ ಕ್ರೆಡಿಟ್ ಶೆಲ್ ಮಾಡಬಹುದು, ಆದರೆ ತಡವಾದಷ್ಟು ತಿಂಗಳಿಗೆ ಅರ್ಧ ಪರ್ಸೆಂಟ್, ಆಮೇಲೆ ಮುಕ್ಕಾಲು ಪರ್ಸೆಂಟ್ ಸೇರಿಸಬೇಕು, 2021ರ ಮಾರ್ಚ್ 31ರ ಹೊತ್ತಿಗೂ ಬಳಸದಿದ್ದರೆ ಹಣವನ್ನೇ ಕೊಡಬೇಕು. ಒಳ್ಳೇ ಸೂತ್ರ. ಆದರೆ ಅದು ವಿಮಾನಕ್ಕೆ. ಹಡಗಿನವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕಿತ್ತು.

ಈಗ ಮತ್ತೆ ಮನೆಗೆ ಬರೋಣ. ಏಜೆಂಟ್ ಹಣ ಹಿಡಕೊಂಡು ಕೂತಾಗ ಜಗಳ ಶುರುವಾದದ್ದು ಏಜೆಂಟ್ ಜೊತೆ ಅಲ್ಲ, ಮನೆಯೊಳಗೆ. ಎಲ್ಲಮ್ಮನ ಗುಡಿ 2020ರ ಮಾರ್ಚ್‌ನಲ್ಲಿ ಮುಚ್ಚಿದ್ದು ತೆರೆದದ್ದು 2021ರ ಫೆಬ್ರವರಿಗೆ. ಕಾಕಾನ ಅಂಗಡಿಯಲ್ಲಿ ಅಷ್ಟು ದಿನ ಒಂದು ಕಾಯಿ ಮಾರಲಿಲ್ಲ, ಆದರೂ ಕಾಕಾ ಬಾಯಿ ಬಿಟ್ಟು ಕೇಳಲಿಲ್ಲ. ಮಾಮಾಗೆ ಸಂಬಳ ಬರ್ತಿತ್ತು, ನಡೀತು. ರಾಮದುರ್ಗದಲ್ಲಿ ಮಗ್ಗ ನಿಂತಿತ್ತು. ಅತ್ತಿ ಫೋನ್ ಮಾಡಿ ಹೇಳಿದ್ರು: “ತಮ್ಮಾ, ನಾ ಯಾವ ಏಜೆಂಟನ್ನೂ ನೋಡಿಲ್ಲ. ರೊಕ್ಕ ನಿನ್ನ ಕೈಯಾಗ ಕೊಟ್ಟೇನಿ, ನೀನ ಕೊಡು.”

ಅಪ್ಪ ಎದುರು ಮಾತಾಡಲಿಲ್ಲ. ಆಗಸ್ಟ್‌ನಲ್ಲಿ ಅವ್ವನ ಪಾಟ್ಲಿ ಒತ್ತೆ ಇಟ್ಟು 40,000 ತಂದು ಅತ್ತಿಗೆ ಕಳಿಸಿದ್ರು. ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ ಬಡ್ಡಿ, ಅಂದರೆ 400. ಆಮೇಲೆ ಅತ್ತಿ ಫೋನ್ ಮಾಡೋದು ಕಡಿಮೆ ಮಾಡಿದ್ರು, ಅಪ್ಪನೂ ಮಾಡಲಿಲ್ಲ.

ವೋಚರ್‌ನ ಒಂದು ವರ್ಷ ಮುಗಿಯೋ ಹೊತ್ತಿಗೆ ಎರಡನೇ ಅಲೆ. ಏಜೆಂಟ್ ‘ಇನ್ನೂ ಆರು ತಿಂಗಳು ಕೊಡ್ತೀವಿ, ಆದರೆ ಈಗ ರೇಟ್ ಜಾಸ್ತಿ’ ಅಂದ. ಆಮೇಲೆ ಫೋನ್ ಎತ್ತೋದನ್ನ ನಿಲ್ಲಿಸಿದ. ನಾನು ಎಚ್ಚೆತ್ತಿದ್ದು ಅವಾಗ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬೇಕು. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನ ಈ ಗಡುವಿನ ಲೆಕ್ಕದಲ್ಲಿ ಹಿಡಿಯಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾಗಿ ನಮಗೆ ಟೈಮ್ ಇತ್ತು. 2022ರ ಫೆಬ್ರವರಿಯಲ್ಲಿ ಬೈಲಹೊಂಗಲದ ಒಬ್ಬ ವಕೀಲರ ಹತ್ತಿರ ನೋಟಿಸ್ ಬರೆಸಿದೆ. ಎರಡೇ ಪಾಯಿಂಟ್. ಒಂದು, ಪ್ರವಾಸ ರದ್ದಾದದ್ದು ನಿಮ್ಮ ತಪ್ಪಲ್ಲ, ಆದರೂ 65ನೇ ಸೆಕ್ಷನ್ ಪ್ರಕಾರ 1,60,000 ಪೂರ್ತಿ ವಾಪಸ್ ಕೊಡಿ. ಎರಡು, ಕೊಡಬೇಕಾದ ಹಣವನ್ನ ಇಷ್ಟು ದಿನ ಹಿಡಕೊಂಡದ್ದು ನಿಮ್ಮ ತಪ್ಪು, ಅದಕ್ಕೆ ಬಡ್ಡಿ ಮತ್ತು ಪರಿಹಾರ ಕೊಡಿ.

ಮೇ ತಿಂಗಳಲ್ಲಿ 1,60,000 ಅಕೌಂಟ್‌ಗೆ ಬಂತು. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆ ಇಲ್ಲ. ಮಾಮಾಗೆ, ಕಾಕಾಗೆ ಅವರವರ 40,000 ಅವತ್ತೇ ಹೋಯ್ತು. ಪಾಟ್ಲಿ ಬಿಡಿಸಿಕೊಂಡು ಬಂದ್ವಿ. 21 ತಿಂಗಳ ಬಡ್ಡಿ 8,400.

ನಾನಂದೆ, ಈ 8,400 ಯಾರು ಕೊಡಬೇಕು? ದೂರು ಹಾಕೋಣ. 2019ರ ಹೊಸ ಕಾಯ್ದೆ ಪ್ರಕಾರ ಮುಂಬೈಗೆ ಹೋಗಬೇಕಾಗಿಲ್ಲ, ನಾವು ಇರೋ ಜಿಲ್ಲೆಯಲ್ಲೇ, ಬೆಳಗಾವಿಯ ಆಯೋಗದಲ್ಲೇ ಹಾಕಬಹುದು. 5 ಲಕ್ಷದವರೆಗೆ ಫೀ ಇಲ್ಲ. ಆನ್‌ಲೈನ್ ಹಾಕಬಹುದು, ವಿಡಿಯೋದಲ್ಲಿ ವಿಚಾರಣೆ ಕೇಳಬಹುದು, ವಕೀಲರೇ ಬೇಕು ಅಂತಿಲ್ಲ.

ಅಪ್ಪ ಅಂದ್ರು: “ಬಂದದ್ದ ದೊಡ್ಡದು. ಎಂಟ ಸಾವಿರಕ್ಕ ಇನ್ನ ಎಷ್ಟ ದಿನ ಇದನ್ನ ತಲ್ಯಾಗ ಇಟಗೊಂಡು ತಿರಗೂದು? ಸಾಕ್ ಬಿಡು.”

ನಾನು ಬಿಟ್ಟೆ. ಎರಡು ವರ್ಷದ ಗಡುವೂ ಮುಗೀತು.

2023ರ ಜನವರಿ, ಬನದ ಹುಣ್ಣಿಮೆಗೆ ಎಲ್ಲರೂ ಗುಡ್ಡದಲ್ಲಿ ಸೇರಿದ್ವಿ. ಅತ್ತಿಗೆ ಪಾಟ್ಲಿ ಸುದ್ದಿ ಅಷ್ಟೊತ್ತಿಗೆ ಯಾರಿಂದಲೋ ಗೊತ್ತಾಗಿತ್ತು. ಅಪ್ಪನ ಕೈಗೆ 4,200 ರೂಪಾಯಿ ಕೊಡೋಕೆ ಬಂದ್ರು. “ಬಡ್ಡಿ ಒಳಗ ಅರ್ಧ ನಂದು, ತಮ್ಮಾ.” ಅಪ್ಪ ಕೈ ಹಿಂದಕ್ಕೆ ತಗೊಂಡ್ರು. ಅತ್ತಿ ಮಾತಾಡದೆ ಆ ನೋಟುಗಳನ್ನ ಕಾಯಿ, ಕುಬಸದ ಖಣದ ಜೊತೆ ಅವ್ವನ ಉಡಿಯಲ್ಲಿ ಹಾಕಿಬಿಟ್ರು. ಉಡಿಯಲ್ಲಿ ಹಾಕಿದ್ದನ್ನ ವಾಪಸ್ ಕೊಡೋ ಹಾಗಿಲ್ಲ.

ಕಾಕಾ ನಕ್ಕರು, ಅವ್ವ ಕಣ್ಣು ಒರೆಸಿಕೊಂಡ್ರು. ಎಲ್ಲ ಸರಿಹೋಯ್ತು ಅಂತ ಎಲ್ಲರಿಗೂ ಸಮಾಧಾನ. ನನಗೂ ಸಂತೋಷವೇ. ಆದರೆ ಬಿ.ಕಾಂ. ತಲೆ ಸುಮ್ಮನಿರಲಿಲ್ಲ. ಆ 4,200 ಅತ್ತಿ ಕೊಡಬೇಕಾದ್ದಲ್ಲ, ಇನ್ನರ್ಧ ಅಪ್ಪ ನುಂಗಿಕೊಳ್ಳಬೇಕಾದ್ದೂ ಅಲ್ಲ. ಒಬ್ಬರ ಹಣವನ್ನ ಎರಡು ವರ್ಷ ಇಟ್ಟುಕೊಂಡವರು ಕೊಡಬೇಕಾದದ್ದು. ಅವರಿಗೆ ಅದು ಬಿಟ್ಟಿ ಸಾಲ ಆಯ್ತು, ನಮಗೆ ಅಕ್ಕ-ತಮ್ಮ ಮಾತು ಬಿಡೋ ಹಾಗಾಯ್ತು. ಚಾಂಡ್ಲರ್ ಸೋತದ್ದು ಅವನ ದೇಶದಲ್ಲಿ ಆಗ ಕಾನೂನು ಇರಲಿಲ್ಲ ಅಂತ. ನಮಗೆ 1872ರಿಂದಲೂ ಇತ್ತು. ನಾವು ಸಾಕ್ ಬಿಡು ಅಂದ್ವಿ.

ಹಾಗಾಗಿ ಕೊನೆಗೆ ಮೂರೇ ಮಾತು. ನಿಮ್ಮ ಪ್ರವಾಸ ರದ್ದಾದರೆ ವೋಚರ್ ಒಪ್ಪಿಕೊಳ್ಳೋ ಮೊದಲು ಕೇಳಿ, ರದ್ದು ಮಾಡಿದ್ದು ಯಾರು, ನಾನಾ ನೀವಾ? ಬರೆದು ಕೇಳಿ, ಫೋನಿನಲ್ಲಿ ಅಲ್ಲ. ಮೊದಲು 1915 ಸಹಾಯವಾಣಿಗೆ ಹೇಳಿ, ಆಗದಿದ್ದರೆ ಜಿಲ್ಲಾ ಆಯೋಗ ಇದೆ. ಈಗ ಆನ್‌ಲೈನ್ ದೂರಿಗೆ ಇ-ಜಾಗೃತಿ ಪೋರ್ಟಲ್ ಬಂದಿದೆ. ಮತ್ತೆ ಗುಂಪಿನಲ್ಲಿ ಹೋಗೋದಾದರೆ ಒಬ್ಬರ ಹೆಸರಲ್ಲೇ ಎಲ್ಲ ಹಣ ಕಟ್ಟಿಸಬೇಡಿ. ಒಬ್ಬೊಬ್ಬರ ಹೆಸರಲ್ಲಿ ರಸೀದಿ ತಗೊಳ್ಳಿ. ಲೆಕ್ಕದ ಮನುಷ್ಯ ಅಂತ ನಂಬಿ ಕೊಟ್ಟ ಆ ಮನುಷ್ಯನಿಗೇ ಕೊನೆಗೆ ಭಾರ ಆಗೋದು.

ಅವ್ವ ಇನ್ನೂ ಹಡಗು ಹತ್ತಿಲ್ಲ. ಕೇಳಿದರೆ, “ಪಾಟ್ಲಿ ಮನ್ಯಾಗ ಅದಾವಲ್ಲ, ಸಾಕು” ಅಂತಾಳೆ.

ಇವತ್ತಿಗೆ ಇಷ್ಟೇ. ನಿಮ್ಮ ಮನೆಯಲ್ಲೂ ಯಾರದ್ದಾದರೂ ವೋಚರ್ ಡ್ರಾಯರ್‌ನಲ್ಲಿ ಬಿದ್ದಿದ್ದರೆ ಈ ಎಪಿಸೋಡ್ ಅವರಿಗೆ ಕಳಿಸಿ. ಸಿಗೋಣ, ನಮಸ್ಕಾರ.